ಎಲ್ಲದರ ಮೇಲೂ ಮಾಮನ ಹೆಸರು

ಕುಷ್ಟಗಿಯ ನಮ್ಮ ಸೋದರಮಾವನ ಮನೆಯಲ್ಲಿ ನೀವು ಐದು ನಿಮಿಷ ಅಲುಗಾಡದೆ ಕೂತರೆ ನಿಮ್ಮ ಮೇಲೂ ಅವರ ಹೆಸರು ಬೀಳಬಹುದು, ಹುಷಾರು! ಸ್ಟೀಲ್ ಪಾತ್ರೆಗೆ ಹೆಸರು ಹಾಕಿಸುವುದು ನಮ್ಮ ಕಡೆ ಎಲ್ಲರ ಮನೆಯಲ್ಲೂ ಉಂಟು. ಆದರೆ ಚಮಚಕ್ಕೆ? ಬಾಗಿಲ ಚಿಲಕಕ್ಕೆ? ರುಬ್ಬುವ ಗುಂಡಿಗೆ? ಮದುವೆಯಾದ ವಾರದಲ್ಲೇ, ಅತ್ತೆ ಯಲಬುರ್ಗಾದ ತವರಿನಿಂದ ತಂದ ತಾಮ್ರದ ಕೊಡಕ್ಕೂ ತಮ್ಮ ಹೆಸರು ಹಾಕಿಸಿದ ಪುಣ್ಯಾತ್ಮರು!

"ಕಳುವಾದ್ರ ಗುರ್ತು ಸಿಗಬೇಕಲ್ಲೋ ಅಳಿಯಾ" ಎನ್ನುತ್ತಾರೆ. ರುಬ್ಬುವ ಗುಂಡನ್ನು ಯಾವ ಕಳ್ಳ ಹೊತ್ತಾನು?

ಇಂಥವರ ಮನೆಗೆ ನಾನೇ ಒಂದು ಕಂಪ್ಯೂಟರ್ ತಂದು ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿಕೊಟ್ಟೆ. ಮಾಮನಿಗೊಂದು ಖಾತೆ, ಅತ್ತೆಗೊಂದು ಖಾತೆ. ಅತ್ತೆ ಕುಬುಸ ಹೊಲಿಯುತ್ತಾರೆ. ಊರೂರಿನ ಹೆಂಗಸರ ಅಳತೆಯೆಲ್ಲ ಅದರಲ್ಲೇ ಇತ್ತು.

ಒಂದು ಬೆಳಿಗ್ಗೆ ಮಾಮನ ಫೋನು. "ಅಳಿಯಾ, ಫೈಲು ನೋಡಿದ್ರ ಎಲ್ಲಾದರ ಮುಂದೂ ರೂಟ್ ಅಂತ ಹೆಸರೈತಿ! ಯಾರಂವ? ನನ್ನ ಮನ್ಯಾಗ ಅವಂದೇನ ಕೆಲಸ? ನೆಟ್ಟಿನ್ಯಾಗ ಹುಡುಕಿ ಒಂದ ಕಮಾಂಡ್ ಹೊಡದು ಎಲ್ಲಾ ನನ್ನ ಹೆಸರಿಗೆ ಮಾಡಿಕೊಂಡೆ. ಈಗ ಯಾವುದೂ ನನ್ನ ಮಾತು ಕೇಳವಲ್ದು!"

ರೂಟ್ ಎಂದರೆ ಆ ಯಂತ್ರದ ಯಜಮಾನ. ಅವನ ಫೈಲು ಅವನ ಹೆಸರಲ್ಲಿದ್ದರೇ ಯಂತ್ರ ನಡೆಯುವುದು. ತಿದ್ದಲು ಬೇಕಾದ ಕಮಾಂಡ್ ಕೂಡ ಈಗ ಮಾಮನ ಆಸ್ತಿಯಾಗಿ ಕೆಲಸ ಬಿಟ್ಟು ಕೂತಿತ್ತು.

ಹಿಂದಿನಿಂದ ಅತ್ತೆಯ ದನಿ: "ಅಲ್ರೀ, ಶುಕ್ರವಾರ ಮದುವಿ ಐತಿ, ಹನ್ನೆರಡು ಕುಬುಸ ಕೊಡಬೇಕು! ಮತ್ತ ಹನುಮಸಾಗರದ ಮದುವಿ ಮನಿಗೆ ಹೋಗಿ ಅಳತಿ ಟೇಪು ಹಿಡೀಲೇನು? ಇನ್ನ ಮ್ಯಾಲ ಯಾರು ನನ್ನ ಕಡೆ ಹೊಲಿಸ್ತಾರ?"

ಲ್ಯಾಪ್‌ಟಾಪ್ ಹೆಗಲಿಗೇರಿಸಿ ಗಂಗಾವತಿಯಿಂದ ಬಸ್ಸು ಹಿಡಿದೆ. ನನ್ನದರಲ್ಲೂ ಅದೇ ಲಿನಕ್ಸ್. ಯಾವ ಫೈಲು ಯಾರದು, ಯಾರಿಗೆ ಏನು ಅನುಮತಿ ಎಂಬ ಪಟ್ಟಿಯನ್ನು ನನ್ನದರಿಂದ ನಕಲು ಮಾಡಿಕೊಂಡೆ. ಮಾಮನ ಯಂತ್ರವನ್ನು ಪೆನ್‌ಡ್ರೈವ್‌ನಲ್ಲಿದ್ದ ಇನ್ನೊಂದು ಲಿನಕ್ಸ್‌ನಿಂದ ಶುರುಮಾಡಿ, ಪಟ್ಟಿಯಂತೆ ಒಂದೊಂದನ್ನೂ ಅದರದರ ಒಡೆಯನಿಗೆ ಒಪ್ಪಿಸಿದೆ. ಪರದೆಯ ಮೇಲೆ ಸಾಲುಗಳು ಸರಸರ ಓಡುತ್ತಿದ್ದರೆ ಮಾಮ, "ಎಲ್ಲಾ ಕೊಟ್ಟಬಿಟ್ಟಿ? ನಂಗೇನೂ ಉಳೀಲಿಲ್ಲೇನೋ?" ಎಂದು ನರಳಿದರು.

ಯಂತ್ರ ಎದ್ದಿತು! ಅತ್ತೆ ಚಪ್ಪಾಳೆ ತಟ್ಟಿದರು. ಆದರೆ ಅವರ ಫೋಲ್ಡರ್ ತೆರೆಯಲಿಲ್ಲ. ನನ್ನ ಪಟ್ಟಿಯಲ್ಲಿ ಅತ್ತೆ ಎಲ್ಲಿಂದ ಬರಬೇಕು? ಅದಿನ್ನೂ ಮಾಮನ ಹೆಸರಲ್ಲೇ ಇತ್ತು.

"ಇದನ್ನ ನೀವ ಮಾಡ್ರಿ ಮಾಮಾ. ಅತ್ತಿ ಹೆಸರು ಬರೀರಿ."

ಮಾಮನ ಬೆರಳು ಕೀಲಿಗಳ ಮೇಲೆ ನಿಂತೇಬಿಟ್ಟಿತು. ಆ ಮನೆಯ ಯಾವ ವಸ್ತುವಿನ ಮೇಲೂ ಅವರು ಆ ಹೆಸರು ಬರೆಸಿದವರಲ್ಲ. ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. ಫೋಲ್ಡರ್ ತೆರೆಯಿತು. ಹನ್ನೆರಡೂ ಅಳತೆ ಹಾಗೇ ಇದ್ದವು! ಅತ್ತೆ ಅಳತೆ ಬರೆದುಕೊಂಡು ಹೊಲಿಗೆ ಯಂತ್ರಕ್ಕೆ ಓಡಿದರು.

ಮದುವೆ ಮುಗಿದ ಮೇಲೆ ಮತ್ತೆ ಹೋದೆ. ತಾಮ್ರದ ಕೊಡ ಫಳಫಳ ಬೆಳಗಿಸಿಕೊಂಡು ಕೂತಿತ್ತು. ಮಾಮನ ಹೆಸರಿನ ಮೇಲ್ಗಡೆ ಹೊಸದಾಗಿ ಅತ್ತೆಯ ಹೆಸರು.

"ಕೊರದದ್ದು ಅಳಸಾಕ ಬರೂದಿಲ್ಲಂತೋ ಅಳಿಯಾ" ಎಂದರು ಮಾಮ, ನನ್ನ ಮುಖ ನೋಡದೆ. "ಅದಕ್ಕ ಅಕೀದು ಮ್ಯಾಲ ಹಾಕಿಸೀನಿ."

ಅತ್ತೆ ಆ ಅಕ್ಷರಗಳ ಮೇಲೆ ಮೆಲ್ಲಗೆ ಬೆರಳಾಡಿಸುತ್ತಿದ್ದರು. ನನಗೆ ಕಣ್ಣು ತುಂಬಿ ಬಂತು.