ಕೆಟಲಿನ ತಲೆಯ ಮೇಲಿನ ಕ್ಲಿಪ್ಪು

ಪಾತ್ರೆ ತಟ್ಟುವ ನಮ್ಮ ಕುಶಲಕರ್ಮಿಗೆ ಎದುರಂಗಡಿಯವನನ್ನು ಕಂಡರೆ ಮೈಯೆಲ್ಲ ಉರಿ. ಇವನು ಹೊಸದಾಗಿ ಏನೇ ಮಾಡಲಿ, ಅದರ ಅವಳಿ ವಾರದೊಳಗೆ ಎದುರಂಗಡಿಯಲ್ಲಿ ಹಲ್ಲು ಕಿರಿಯುತ್ತಿತ್ತು. ಹಾಗಾಗಿ ಹಂಸದ ಕೊರಳಿನಂಥ ಮೂತಿಯ ತಾಮ್ರದ ಕೆಟಲು ಸಿದ್ಧವಾದದ್ದೇ ತಡ, ವಕೀಲರ ಬಳಿ ಓಡಿದ.

"ವಿನ್ಯಾಸ ನೋಂದಾಯಿಸಿದ್ರೆ ಒಂದೇ ಅರ್ಜಿಯಲ್ಲಿ ಎಷ್ಟೋ ದೇಶಗಳಲ್ಲಿ ನಕಲಿನಿಂದ ರಕ್ಷಣೆ ಕೇಳಬಹುದು. ಆಯಾ ದೇಶದವರು ಬೇಡ ಅನ್ನದಿದ್ರೆ ಆಯ್ತು," ಎಂದರು ವಕೀಲರು. "ಆದ್ರೆ ರಕ್ಷಣೆ ಸಿಗೋದು ಚಿತ್ರದಲ್ಲಿ ಕಾಣೋ ರೂಪಕ್ಕೆ ಮಾತ್ರ. ಕೆಟಲು ಬಿಟ್ಟು ಇನ್ನೇನೂ ಕಾಣಬಾರದು."

ಮನೆಯಲ್ಲಿ ಹೆಂಡತಿ ಆಗಲೇ ಆ ಕೆಟಲಿನಲ್ಲಿ ಚಹಾ ಕಾಸಿ ನೋಡಿದ್ದಳು.

"ರೀ, ಮುಚ್ಚಳ ಎತ್ತೋ ಬಳೆ ಕೈ ಸುಡುತ್ತೆ."

"ಕಲೆ ಅರ್ಥವಾಗದವರಿಗೆ ಎಲ್ಲಾನೂ ಸುಡುತ್ತೆ!"

ಆಕೆ ಬಟ್ಟೆ ಒಣಹಾಕುವ ಮರದ ಕ್ಲಿಪ್ಪೊಂದನ್ನು ಬಳೆಗೆ ಸಿಕ್ಕಿಸಿದಳು. ಕೈ ಸುಡುವುದು ನಿಂತಿತು.

ಚಿತ್ರ ತೆಗೆಯುವಾಗ ಪತಿರಾಯ ಬಿಳಿ ದುಪ್ಪಟಿ ಹಿಡಿದು ಅದರ ಹಿಂದೆ ಅಡಗಿ ನಿಂತ. ಹೆಂಡತಿ ಮುಂದೆ, ಹಿಂದೆ, ಮೇಲೆ, ಕೆಳಗೆ ಎಲ್ಲ ಕಡೆಯಿಂದಲೂ ಕ್ಲಿಕ್ಕಿಸಿದಳು. ಆಮೇಲೆ ಇವನು ಚಿತ್ರಗಳ ಮೂಲೆಮೂಲೆ ಜಾಲಾಡಿದ. ತನ್ನ ಬೆರಳು ಕಂಡೀತೇ, ಲೋಟ ಇಣುಕೀತೇ ಎಂಬುದೇ ಚಿಂತೆ. (ಕೆಟಲನ್ನು ಮಾತ್ರ ನೋಡಲಿಲ್ಲ. ಅದನ್ನು ಮಾಡಿದವನೇ ತಾನು, ನೋಡುವುದೇನಿದೆ!)

ನೋಂದಣಿಯಾಗಿ ಚಿತ್ರ ಜಗತ್ತಿಗೆಲ್ಲ ಪ್ರಕಟವಾದ ದಿನ ಅವನು ಕಿರುಚಿದ್ದು ಬೀದಿಯ ಕೊನೆಯವರೆಗೂ ಕೇಳಿಸಿತು.

"ನನ್ನ ಹಂಸದ ತಲೆ ಮೇಲೆ ಬಟ್ಟೆ ಕ್ಲಿಪ್ಪು!"

"ಇನ್ನು ತಿದ್ದೋಕಾಗಲ್ಲ," ಎಂದರು ವಕೀಲರು.

ಎದುರಂಗಡಿಯವನು ಪಾಪ, ನಿಷ್ಠಾವಂತ. ಕ್ಲಿಪ್ಪಿನ ಸಮೇತ ನಕಲು ಮಾಡಿ ಸಾಲಾಗಿ ಜೋಡಿಸಿಟ್ಟ. ವಕೀಲರು ದಂಪತಿಯನ್ನು ಕರೆದುಕೊಂಡು ಅಲ್ಲಿಗೇ ನುಗ್ಗಿದರು.

"ಈ ಮೂತಿ ನಮ್ಮಜ್ಜನ ಕಾಲದ್ದು ಸಾರ್," ಎಂದ ಅವನು.

"ಈ ಕ್ಲಿಪ್ಪೂ ನಿಮ್ಮಜ್ಜನ ಕಾಲದ್ದಾ?" ಎಂದರು ವಕೀಲರು.

ಕೆಟಲುಗಳೆಲ್ಲ ಒಳಗೆ ಹೋದವು. ನಮ್ಮ ಕುಶಲಕರ್ಮಿಗೆ ಕುಣಿದುಬಿಡುವಷ್ಟು ಸಂತೋಷ.

"ಅದ್ಭುತ ಕಲ್ಪನೆ!" ವಕೀಲರು ಅವನ ಬೆನ್ನು ತಟ್ಟಿದರು. "ಆ ಕ್ಲಿಪ್ಪು ಹೇಗೆ ಹೊಳೀತು ನಿಮಗೆ?"

"ಹೇಳ್ರೀ," ಎಂದಳು ಹೆಂಡತಿ, "ನಂಗೂ ಕೇಳ್ಬೇಕು."

ಈಗ ಅವನು, ಚಿತ್ರದಲ್ಲಿದ್ದ ಹಾಗೇ ಇರಬೇಕಲ್ಲ ಎಂದು, ದಿನವಿಡೀ ಕೆಟಲುಗಳಿಗೆ ಕ್ಲಿಪ್ಪು ಸಿಕ್ಕಿಸುತ್ತಾನೆ. ಸಂಜೆ ಹೆಂಡತಿ ಬಂದು ಒಂದೊಂದನ್ನೂ ಎತ್ತಿ ನೋಡುತ್ತಾಳೆ.

"ಇದು ತೀರಾ ನೆಟ್ಟಗಾಯ್ತು, ಇನ್ನೊಂಚೂರು ಓರೆ ಮಾಡಿ. ಕಲೆ ಅಂದ್ರೆ ಸುಮ್ನೇನಾ?"