ಷಡ್ಡಕನಿಗಾಗಿ ಬೆಳೆದ ದಂಟು

ಈ ಸಲ ಮೋಹನ್‌ಬಾಬು ನಮ್ಮ ಗೇಟಿನಲ್ಲೇ ನಿಂತು, "ಅಯ್ಯೋ, ಅಂಗಳಕ್ಕೆ ಬೆಂಕಿ ಬಿದ್ದಿದೆ!" ಎಂದು ಕೂಗಬೇಕು. ಅಷ್ಟು ಕೆಂಪಗೆ ಅಲಂಕಾರದ ದಂಟು ಬೆಳೆಸುತ್ತೇನೆಂದು ಶಪಥ ಮಾಡಿದೆ!

ಮೋಹನ್‌ಬಾಬು ನನ್ನ ಷಡ್ಡಕ, ಹೆಂಡತಿಯ ತಂಗಿಯ ಗಂಡ. ತೊಂಡೇಬಾವಿಯಲ್ಲಿ ದೊಡ್ಡ ತೋಟ. ದೀಪಾವಳಿಗೆ ಮಾವನ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದಾಗ, "ಅಣ್ಣನ ಕೈಲಿ ಗರಿಕೆನೂ ಬೆಳೆಯಲ್ಲ" ಎಂದುಬಿಟ್ಟಿದ್ದ. ಅಂದು ತಿಂದ ಕಜ್ಜಾಯ ನನಗಿನ್ನೂ ಜೀರ್ಣವಾಗಿಲ್ಲ.

ಬೀಜದ ಪೊಟ್ಟಣ ನೋಡಿ ನನ್ನವಳು ಯಾಮಿನಿ, "ಇದು ದಂಟಿನ ಸೊಪ್ಪಲ್ವೇನ್ರೀ?" ಎಂದಳು.

"ಸೊಪ್ಪಾ! ಇದು ತಿನ್ನೋದಲ್ಲ ಕಣೇ, ನೋಡೋದು!"

ಸಸಿ ಬಂತು. ಹಸಿರು. ಎರಡು ವಾರ ಕಳೆಯಿತು. ಆಗಲೂ ಹಸಿರು! ಷಡ್ಡಕ ಬರುವುದು ಮುಂದಿನ ತಿಂಗಳ ಮೊದಲ ಭಾನುವಾರ. ನನಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಹಲ್ಲುಜ್ಜುತ್ತಾ ಹೋಗಿ ನೋಡಿದೆ. ಊಟದ ಮಧ್ಯೆ ಎಂಜಲು ಕೈಯಲ್ಲೇ ಎದ್ದು ಹೋಗಿ ನೋಡಿದೆ. ಕಚೇರಿಯಿಂದ ಗಂಟೆಗೊಂದು ಫೋನು ಬೇರೆ.

"ಕೆಂಪಾಯ್ತೇನೇ?"

"ಆಯ್ತು, ನನ್ನ ಕಣ್ಣು!"

ಗೊಬ್ಬರ ಸಾಲದೇನೋ ಅನ್ನಿಸಿತು. ನಮ್ಮ ಶಿಡ್ಲಘಟ್ಟದಲ್ಲಿ ಅದಕ್ಕೇನು ಬರ? ಪಕ್ಕದ ಮನೆಯ ಕೋನಪ್ಪನವರು ರೇಷ್ಮೆ ಸಾಕುವವರು. ದಿನಾ ಅವರಿಂದ ಒಂದು ಬುಟ್ಟಿ ಹುಳುವಿನ ಹಿಕ್ಕೆ ತಂದು ಸುರಿದೆ. ಗಿಡ ಎದೆಮಟ್ಟ ಬಂತು, ಎಲೆ ಊಟದ ತಟ್ಟೆಯಷ್ಟಾಯಿತು. ಬಣ್ಣ ಮಾತ್ರ ಅಪ್ಪಟ ಹಸಿರು!

ಶನಿವಾರ ಯಾಮಿನಿ ಪೊಟ್ಟಣದ ಹಿಂಬದಿ ಓದಿದಳು: "ಗೊಬ್ಬರ ಹೆಚ್ಚಾದರೆ ಎಲೆಗೆ ಬಣ್ಣ ಬರುವುದಿಲ್ಲ." ನನ್ನ ಮುಖದಲ್ಲೂ ಬಣ್ಣ ಉಳಿಯಲಿಲ್ಲ.

ಭಾನುವಾರ ಮೋಹನ್‌ಬಾಬು ಬಂದ. ಗಿಡ ನೋಡಿ ಬಾಯಿ ತೆರೆದ. ನಾನು ಕಣ್ಣು ಮುಚ್ಚಿಕೊಂಡೆ.

"ಅಬ್ಬಬ್ಬಾ! ಇಂಥಾ ದಂಟಿನ ಸೊಪ್ಪು ನಮ್ಮ ತೋಟದಲ್ಲೇ ಬಂದಿಲ್ಲಣ್ಣ! ಅವತ್ತು ಹಂಗಂದಿದ್ದು ನನ್ನದೇ ತಪ್ಪು. ಕುಯ್ಯಣ್ಣ, ಬಸ್ಸಾರು ಮಾಡಿಸಣ!"

ನನ್ನ ಇಕ್ಕಟ್ಟು ನೋಡಿ! ಅಲಂಕಾರದ ಗಿಡ ಎಂದರೆ ಮಾನ ಹೋಗುತ್ತದೆ. ಸೊಪ್ಪು ಎಂದರೆ ಗಿಡವೇ ಹೋಗುತ್ತದೆ. ಯಾಮಿನಿ ಆಗಲೇ ಕುಡುಗೋಲು ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಹೇಳ್ರೀ, ಏನು ಗಿಡ ಇದು?"

"ಸೊಪ್ಪು ಕಣೇ," ಎಂದೆ. ಅಳುವೇ ಬಂದಿತ್ತು.

ಷಡ್ಡಕ ಮುದ್ದೆಗೆ ಮೂರು ಸಲ ಬಸ್ಸಾರು ಹಾಕಿಸಿಕೊಂಡ. ಹೋಗುವಾಗ ಉಳಿದ ಗಿಡಗಳನ್ನೂ ಕಂತೆ ಕಟ್ಟಿಸಿಕೊಂಡು ಹೋದ. ಖಾಲಿ ಪಾತಿಯ ಮುಂದೆ ನಿಂತು ಗುಡುಗಿದೆ:

"ಮುಂದಿನ ಸಲ ಗುಲಾಬಿ ಬೆಳೆಸ್ತೀನಿ, ನೋಡ್ತಿರು!"

"ಬೆಳೆಸಿ," ಎಂದಳು ಯಾಮಿನಿ. "ಮನೇಲಿ ಕೊತ್ತಂಬರಿ ಸೊಪ್ಪು ಮುಗಿದೋಗಿದೆ."