ಹಲ್ಲು ಸೆಟ್ಟನ್ನು ಮರಳಿ ಸಂದಿನಲ್ಲಿಡುವ ಬಗ್ಗೆ

ನಗರ ರೈಲು ಸಹಭಾಗಿತ್ವ ಇಲಾಖೆ, ಹೈದರಾಬಾದು
ಸಂಖ್ಯೆ: ನರೈಸ/ಸಂದು/9 ಸೆಂ.ಮೀ./ಭಾಗ-2
ದಿನಾಂಕ: ಶುಕ್ರವಾರ, ಬೆಳಿಗ್ಗೆ

ಸುತ್ತೋಲೆ

ವಿಷಯ: ಚಿಂತಗಡ್ಡ ನಿಲ್ದಾಣದಲ್ಲಿ ಅನುಮತಿಯಿಲ್ಲದೆ ಹೊರತೆಗೆದ ಹಲ್ಲು ಸೆಟ್ಟಿನ ಜಂಟಿ ತಪಾಸಣೆ.

ಉಲ್ಲೇಖ: ನಿವೃತ್ತ ಪೋಸ್ಟ್‌ಮ್ಯಾನ್ ಶ್ರೀ ಗುರ್ರಂ ಪೆಂಟಯ್ಯನವರ ಮೌಖಿಕ ದೂರು (ಹಲ್ಲಿಲ್ಲದೆ ಹೇಳಿದ್ದರಿಂದ ಭಾಗಶಃ ಅರ್ಥವಾಗಿದೆ).

ಸರ್ಕಾರದ ನೀತಿಯಂತೆ ಪ್ಲಾಟ್‌ಫಾರ್ಮ್ ಸರ್ಕಾರದ್ದು, ರೈಲು ಖಾಸಗಿ ಪಾಲುದಾರರದು. ಖರ್ಚಿಗೂ ಆದಾಯಕ್ಕೂ ನಡುವಿನ ಕೊರತೆ ತುಂಬಲು 'ಅಂತರ ನಿಧಿ' ಇದೆ. ಅಂತರ ಎಷ್ಟೆಂದು ವರದಿ ಕೇಳಿದಾಗ ನಮ್ಮ ಕಿರಿಯ ಎಂಜಿನಿಯರ್ ಟೇಪು ಹಿಡಿದು ಹೋಗಿ, ಪ್ಲಾಟ್‌ಫಾರ್ಮಿಗೂ ರೈಲಿಗೂ ನಡುವಿನ ಸಂದನ್ನು ಅಳೆದು, ಒಂಬತ್ತು ಸೆಂಟಿಮೀಟರ್ ಎಂದು ಬರೆದರು. ಮೇಲಿನವರೆಲ್ಲ ಸಹಿ ಹಾಕಿಬಿಟ್ಟರು. ಆದ್ದರಿಂದ ಅದು ತಪ್ಪಲ್ಲ, ನೀತಿ. ಸಂದು ಈಗ ಉಭಯ ಪಕ್ಷಗಳ ಜಂಟಿ ಆಸ್ತಿ.

ಬುಧವಾರ ಶ್ರೀ ಪೆಂಟಯ್ಯನವರು ರೈಲು ಹತ್ತುವಾಗ ಸೀನಿದ್ದರಿಂದ ಅವರ ಹಲ್ಲು ಸೆಟ್ಟು ಸದರಿ ಸಂದಿಗೆ ಬಿದ್ದಿದೆ. ಇಂದು ಅವರ ಮೊಮ್ಮಗಳ ಮದುವೆ. "ನೆಂಟ್ರೆಲ್ಲ ಊಟ ಬಾರಿಸ್ತಾ ಇರೋವಾಗ ನಾನು ಗಂಜಿ ಕುಡ್ಕೊಂಡು ಕೂರ್ಬೇಕೇನಯ್ಯಾ?" ಎಂದು ಅವರು ಆಗಲೇ ಅಲ್ಲಿ ಕೂಗಾಡಿರುವುದು ದಾಖಲಾಗಿದೆ. ಅಷ್ಟರಲ್ಲಿ ನಿಲ್ದಾಣದ ಕಸ ಗುಡಿಸುವ ಶ್ರೀಮತಿ ನರ್ಸಮ್ಮನವರು ಕೊಕ್ಕೆಕೋಲು ತಂದು, ಮೂರೇ ನಿಮಿಷದಲ್ಲಿ ಸೆಟ್ಟನ್ನು ಮೇಲೆತ್ತಿ, ನಲ್ಲಿಯಲ್ಲಿ ತೊಳೆದು, "ಹಿಡ್ಕೊ ತಾತಾ, ಇನ್ಮೇಲಾದ್ರೂ ಬಾಯಿ ಮುಚ್ಕೊಂಡು ಸೀನು" ಎಂದು ಕೊಟ್ಟಿರುತ್ತಾರೆ. ಇದು ಗಂಭೀರ ಲೋಪ.

ಆದಕಾರಣ ಈ ಮೂಲಕ ಆದೇಶಿಸಲಾಗಿದೆ:

1. ಸೆಟ್ಟನ್ನು ಇಂದು ಮಧ್ಯಾಹ್ನ ಹನ್ನೆರಡಕ್ಕೆ ಬಿದ್ದ ಜಾಗದಲ್ಲೇ, ಬಿದ್ದ ಭಂಗಿಯಲ್ಲೇ ಮರಳಿ ಇಡತಕ್ಕದ್ದು. ತದನಂತರ ಜಂಟಿ ತಪಾಸಣೆ ನಡೆಸಲಾಗುವುದು.

2. ಮೇಲಿನ ಸಾಲು ಸರ್ಕಾರದ ಬದಿಗೆ, ಕೆಳಗಿನ ಸಾಲು ಪಾಲುದಾರರ ಬದಿಗೆ ಇರತಕ್ಕದ್ದು. ಎರಡೂ ಸೇರಿ ಕಚ್ಚುವುದೇ ಸಹಭಾಗಿತ್ವದ ಆಶಯ.

3. ಪಾಲುದಾರರು ಸೆಟ್ಟಿನ ಮೇಲೆ ಜಾಹೀರಾತಿನ ಹಕ್ಕು ಕೇಳಿದ್ದಾರೆ. ಮುಂದಿನ ನಾಲ್ಕು ಹಲ್ಲುಗಳಿಗೆ ಒಪ್ಪಿಗೆ ನೀಡಲಾಗಿದೆ. ದವಡೆ ಹಲ್ಲುಗಳು ಯಾರ ಕಣ್ಣಿಗೂ ಬೀಳದ ಕಾರಣ ಸರ್ಕಾರಕ್ಕೆ ಸೇರತಕ್ಕವು.

4. ತಪಾಸಣೆ ಮುಗಿಯುವವರೆಗೆ ಶ್ರೀ ಪೆಂಟಯ್ಯನವರು ನಗತಕ್ಕದ್ದಲ್ಲ. ನಕ್ಕರೆ ಅದನ್ನು ಜಂಟಿ ಆಸ್ತಿಯ ಖಾಸಗಿ ಬಳಕೆ ಎಂದು ಪರಿಗಣಿಸಲಾಗುವುದು. ಮೊಮ್ಮಗಳನ್ನು ಕಳಿಸಿಕೊಡುವಾಗ ಅಳಲು ಅಡ್ಡಿಯಿಲ್ಲ.

5. ಪ್ರಯಾಣಿಕರು ಇನ್ನು ಮುಂದೆ ಪೂರ್ತಿ ಪ್ಲಾಟ್‌ಫಾರ್ಮಿನಲ್ಲಿ ಅಥವಾ ಪೂರ್ತಿ ರೈಲಿನಲ್ಲಿ ನಿಂತು ಸೀನತಕ್ಕದ್ದು.

6. ಮದುವೆ ಊಟವೂ ಹನ್ನೆರಡಕ್ಕೇ ಎಂಬ ಮನವಿ ಬಂದಿದೆ. ಊಟದ ಹೊತ್ತು ನೀತಿಯ ವ್ಯಾಪ್ತಿಗೆ ಬರುವುದಿಲ್ಲ. ಮುದುಕರ ಮೇಲೆ ಈ ಕಚೇರಿಗೂ ಕನಿಕರವಿದೆ. ಏನು ಮಾಡುವುದು, ಕನಿಕರಕ್ಕೆ ಕಡತವಿಲ್ಲ.

ಸಹಿ/-
(ಚಿಲುಕೂರಿ ವಿಶಾಲಾಕ್ಷಿ)
ಅಧೀನ ಕಾರ್ಯದರ್ಶಿ (ಸಂದುಗಳು)

ಪ್ರತಿಗಳು:
1. ಖಾಸಗಿ ಪಾಲುದಾರರಿಗೆ: ಸಂದಿನ ಆ ಬದಿಯಿಂದ ಓದಿಕೊಳ್ಳಲು.
2. ಕಿರಿಯ ಎಂಜಿನಿಯರ್ ಅವರಿಗೆ: ಬಡ್ತಿ ಆದೇಶದೊಂದಿಗೆ.
3. ಶ್ರೀಮತಿ ನರ್ಸಮ್ಮನವರಿಗೆ: ಕೊಕ್ಕೆಕೋಲನ್ನು ಕಚೇರಿಗೆ ಒಪ್ಪಿಸಲು.
4. ಶ್ರೀ ಪೆಂಟಯ್ಯನವರಿಗೆ, ಮದುವೆ ಮಂಟಪ: ಖುದ್ದು ತಲುಪಿಸಿ ಸಹಿ ಪಡೆಯಲು. (ಷರಾ: ಸಹಿ ದೊರೆತಿಲ್ಲ. ಸದರಿಯವರ ಎರಡೂ ಕೈಯಲ್ಲಿ ಮಟನ್ ಮೂಳೆ ಇತ್ತು. ಪ್ರತಿ ಒಯ್ದ ಜವಾನನನ್ನು ಪಕ್ಕದ ಎಲೆಗೆ ಕೂರಿಸಲಾಗಿದ್ದು, ಇನ್ನೂ ಎದ್ದಿಲ್ಲ.)